ಮೋಕ್ಷದೀಪದ ಪಟ್ಟಿ

22 ಆಗಸ್ಟ್, ಶುಕ್ರವಾರ, ಮಧ್ಯಾಹ್ನ 3

ಎಪ್ಪತ್ತೊಂದು ಹೆಸರು ಕಂಪ್ಯೂಟರ್‌ನಲ್ಲಿ ಟೈಪ್ ಆಯಿತು. ನಾಳೆ ಅಮಾವಾಸ್ಯೆ, ದೇವಸ್ಥಾನದಲ್ಲಿ ಮೋಕ್ಷದೀಪ. ಪಟ್ಟಿಯಲ್ಲಿ ಎಡಗಡೆ ತೀರಿಕೊಂಡವರ ಹೆಸರು, ಗೋತ್ರ, ತಿಥಿ. ಬಲಗಡೆ ಕೊನೆಯ ಕಾಲಂನಲ್ಲಿ ದೀಪ ಹಚ್ಚುವ ಮನೆಯವರು. ಭಟ್ಟರು ಮೈಕಿನಲ್ಲಿ ಓದುತ್ತಾರೆ, ಮನೆಯವರು ಎದ್ದು ಹಚ್ಚುತ್ತಾರೆ.

ಸೆಕ್ರೆಟರಿ ವಸಿಷ್ಠ ಫೋನ್ ನಂಬರಿಗೂ ಒಂದು ಕಾಲಂ ಬೇಕೆಂದ. ನಡುವೆ ತುರುಕಿದೆ. ಪ್ರಿಂಟ್ ಸರಿಯಾಗಿ ಬಂತಾ ಅಂತ ಬೇರೆ ಕೇಳಿದ. ಮೂವತ್ತೆರಡು ವರ್ಷ ಸರ್ಕಾರಿ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವಳನ್ನು ಕೇಳುವ ಪ್ರಶ್ನೆಯೇ? ಪಿನ್ ಹೊಡೆದು ಕೈಗೆ ಕೊಟ್ಟೆ. ನಾನು ತಿರುವಿ ನೋಡಲೂ ಇಲ್ಲ.

23 ಆಗಸ್ಟ್, ಶನಿವಾರ, ಸಂಜೆ 7

ಈಗಷ್ಟೇ ದೇವಸ್ಥಾನದಿಂದ ಬಂದೆ.

ತಿರುಮಲೇಶ ಭಟ್ಟರು ಮೂರು ಹಾಳೆ ಸರಾಗವಾಗಿ ಓದಿದರು. ನಾಲ್ಕನೆಯದು ಮಗುಚಿ ಅದೇ ಧಾಟಿಯಲ್ಲಿ ಮುಂದುವರಿಸಿದರು. ಸದ್ಗತಿ ಸಿಗಲಿ — ಚಿಕ್ಕಬೈರಪ್ಪನವರಿಗೆ. ಚಿಕ್ಕಬೈರಪ್ಪನವರು ಎದುರಿಗೇ ಕೂತಿದ್ದರು. ಕೋಣನಕುಂಟೆಯ ಹಳೇ ಮನೆತನ, ಎಪ್ಪತ್ತನಾಲ್ಕು ವರ್ಷ, ಗಟ್ಟಿ ಆಳು. ತಂದೆಯ ಹೆಸರಿಗೆ ಎಲ್ಲರಿಗಿಂತ ಮೊದಲು ದೀಪ ಹಚ್ಚಿ ಬಂದು ಕೂತವರು. ಹೆಂಡತಿ ಲಕ್ಷ್ಮಮ್ಮ ತಾಳಿ ಹಿಡಿದುಕೊಂಡು ಅತ್ತೇಬಿಟ್ಟರು. ಭಟ್ಟರು ಗಾಬರಿಯಾಗಿ ನಿಲ್ಲಿಸುವಷ್ಟರಲ್ಲಿ ಇನ್ನೂ ನಾಲ್ಕು ಜನ ಬದುಕಿರುವವರನ್ನು ಮೇಲಕ್ಕೆ ಕಳಿಸಿ ಆಗಿತ್ತು.

ಕಾಲಂ ಹೆಚ್ಚಾಗಿ ಸಾಲು ಹಾಳೆಯ ಅಗಲ ಮೀರಿದೆ. ಮೀರಿದ ಕೊನೆಯ ಕಾಲಂ, ಅಂದರೆ ದೀಪ ಹಚ್ಚುವವರ ಹೆಸರು ಮಾತ್ರ, ಬೇರೆ ಹಾಳೆಗಳಿಗೆ ಹೋಗಿ ಹಿಂದೆ ಸೇರಿಕೊಂಡಿದೆ. ಮೇಲೆ ಹೆಡಿಂಗ್ ಇತ್ತು, ನಿಜ. ಮೈಕ್ ಮುಂದೆ ಕೂತವರು ಹೆಡಿಂಗ್ ನೋಡುತ್ತಾರೆಯೇ. ತಪ್ಪು ನನ್ನದು. ನನ್ನ ಜಂಬದ್ದು.

24 ಆಗಸ್ಟ್

ವಸಿಷ್ಠ ಮನೆಗೆ ಬಂದಿದ್ದ. ಮುಂದಿನ ಸಲದಿಂದ ಪಟ್ಟಿ ಹೊರಗಡೆ ಕೊಡೋಣ, ನಿಮಗೂ ರೆಸ್ಟ್ ಎಂದ. ರೆಸ್ಟ್ ಅಂತೆ. ಮೈಯೆಲ್ಲ ಉರಿಯಿತು. ಮಹಾಲಯ ಅಮಾವಾಸ್ಯೆ ಒಂದು ನನಗೆ ಬಿಡಿ, ಆಗಲೂ ತಪ್ಪಿದರೆ ನಾನೇ ಬಿಡುತ್ತೇನೆ ಎಂದೆ. ಒಪ್ಪಿದ. ಅರ್ಧ ಮನಸ್ಸಿನಿಂದ.

ಚಿಕ್ಕಬೈರಪ್ಪನವರಿಗೆ ಫೋನ್ ಮಾಡಿದೆ. ಎತ್ತಲಿಲ್ಲ.

11 ಸೆಪ್ಟೆಂಬರ್, ಬೆಳಿಗ್ಗೆ 11

ಎಲ್ಲವನ್ನೂ ಒಂದೇ ಅಗಲಕ್ಕೆ ಫಿಟ್ ಮಾಡಿ ಎಂದು ವಸಿಷ್ಠನ ಸಲಹೆ. ಮಾಡಿದೆ. ಅಕ್ಷರ ಸಾಸಿವೆಯಷ್ಟಾಯಿತು. ಭಟ್ಟರು ಹಾಳೆಯನ್ನು ಮೂಗಿಗೆ ತಂದುಕೊಂಡು, ಆಗಲ್ಲಮ್ಮ ಎಂದರು.

ಹಾಳೆ ಅಡ್ಡ ಮಾಡಿದೆ. ಫೋನ್ ಕಾಲಂ ಹೈಡ್ ಮಾಡಿದೆ — ಸತ್ತವರಿಗೆ ಯಾರೂ ಫೋನ್ ಮಾಡುವುದಿಲ್ಲ. ಆದರೂ ಕೊನೆಯ ಕಾಲಂ ಒಂದಿಷ್ಟು ಹೊರಗೆ. ಪೇಜ್ ಬ್ರೇಕ್ ತೋರಿಸುವ ವ್ಯೂ ತೆಗೆದರೆ ಹಾಳೆ ಮುಗಿಯುವ ಕಡೆ ನೀಲಿ ಚುಕ್ಕಿ ಗೆರೆ. ಮೌಸ್‌ನಲ್ಲಿ ಹಿಡಿದು ಬಲಕ್ಕೆ ಎಳೆದೆ. ಕಾಲಂ ಒಳಗೆ ಬಂತು! ಅಕ್ಷರ ಕೊಂಚವೇ ಸಣ್ಣದಾಯಿತು. ಸತ್ತವರು, ಬದುಕಿರುವವರು ಒಂದೇ ಸಾಲಿನಲ್ಲಿ.

ನನಗೆ ಅರವತ್ತಮೂರು. ಯಾರೂ ಹೇಳಿಕೊಡಲಿಲ್ಲ. ಒಂದು ಲೋಟ ಕಾಫಿ ಜಾಸ್ತಿ ಕುಡಿದೆ.

20 ಸೆಪ್ಟೆಂಬರ್, ಸಂಜೆ 5

ನೂರ ನಲವತ್ತೆರಡು ಹೆಸರು, ಒಂಬತ್ತು ಹಾಳೆ. ಮರುಳಸಿದ್ದಪ್ಪನವರ ಮನೆಯ ನಾಲ್ವರಲ್ಲಿ ಇಬ್ಬರು ಒಂದು ಹಾಳೆಯಲ್ಲಿ, ಇಬ್ಬರು ಇನ್ನೊಂದರಲ್ಲಿ ಬಿದ್ದಿದ್ದರು. ಮೊದಲನೆಯವರ ಮೇಲೆಯೇ ಹಾಳೆ ಮುಗಿಯುವಂತೆ ಬ್ರೇಕ್ ಹಾಕಿ ನಾಲ್ವರನ್ನೂ ಒಟ್ಟಿಗೆ ತಂದೆ. ಹೆಡಿಂಗ್ ಪ್ರತಿ ಹಾಳೆಗೂ ಬರುತ್ತದೆ. ಸ್ಕೇಲ್ ಇಟ್ಟು ಸಾಲು ಸಾಲಾಗಿ ನೋಡಿದೆ. ವಸಿಷ್ಠ ಸಖತ್ತಾಗಿದೆ ಆಂಟಿ ಎಂದ. ನಾನು ಮುಖ ಬಿಗಿದುಕೊಂಡೇ ಇದ್ದೆ, ಒಳಗೆ ಮಾತ್ರ ಹಿಗ್ಗು.

ಚಿಕ್ಕಬೈರಪ್ಪನವರ ಮನೆಯಿಂದ ಹೆಸರು ಬಂದಿಲ್ಲ.

21 ಸೆಪ್ಟೆಂಬರ್, ಭಾನುವಾರ, ಮಧ್ಯಾಹ್ನ 2

ಬಂದರು. ಪೂಜೆಗೆ ಒಂದು ಗಂಟೆ ಮುಂಚೆ, ಲಕ್ಷ್ಮಮ್ಮನ ಜೊತೆ. ನೇರ ದೇವಸ್ಥಾನದ ಆಫೀಸಿಗೆ. ತಂದೆಯ ಹೆಸರು ಹಾಕಿ, ಪ್ರಿಂಟ್ ಆದ ಮೇಲೆ ನಾನು ನೋಡಬೇಕು ಎಂದರು. ಕೊನೆಯಲ್ಲಿ ಸೇರಿಸಿದೆ. ಆ ಒಂದು ಸಾಲು ಹತ್ತನೇ ಹಾಳೆಗೆ ಒಂಟಿಯಾಗಿ ಹಾರಿತು. ಬ್ರೇಕ್ ಮೇಲಕ್ಕೆ ಎಳೆದು ಆರು ಸಾಲು ಜೊತೆಗೆ ಕೊಟ್ಟೆ. ಹಾಳೆ ಕೈಗಿಟ್ಟೆ. ಎಡಗಡೆ ತಂದೆಯ ಹೆಸರಿನ ಮೇಲೆ ಬೆರಳಿಟ್ಟು, ಹಾಗೇ ಜಾರಿಸಿಕೊಂಡು ಬಲಗಡೆ ತಮ್ಮ ಹೆಸರಿನವರೆಗೆ ಹೋದರು. ಹೋಗಿ ಎದುರಿಗೇ ಕೂತರು.

ಭಟ್ಟರು ಎಲ್ಲೂ ಎಡವಲಿಲ್ಲ. ಹತ್ತು ಹಾಳೆ, ನೂರ ನಲವತ್ತಮೂರು ದೀಪ. ಪಟ್ಟಿ ಇನ್ನು ನಿಮ್ಮದೇ ಆಂಟಿ ಎಂದ ವಸಿಷ್ಠ. ಎಲ್ಲರ ಮುಂದೆ ಹೇಳಿದ. ರಿಟೈರ್ ಆದ ದಿನ ಹಾರ ಹಾಕಿದಾಗಲೂ ಇಷ್ಟು ಖುಷಿ ಆಗಿರಲಿಲ್ಲ.

ಹೊರಡುವಾಗ ಚಿಕ್ಕಬೈರಪ್ಪನವರು ಮತ್ತೆ ಬಂದರು.

"ಸರಸ್ವತಮ್ಮ, ನಾನು ಎಡಗಡೆಗೆ ಹೋಗೋ ಕಾಲಕ್ಕೂ ನೀವೇ ಪ್ರಿಂಟ್ ಹಾಕ್ರಮ್ಮ. ಬೇರೆಯವ್ರ ಕೈಗೆ ಕೊಡ್ಬೇಡಿ."

ಆಗಲಿ ಎಂದು ತಲೆಯಾಡಿಸಿದೆ. ಎಂಥ ಕೆಲಸ ಒಪ್ಪಿಕೊಂಡೆ ಎಂದು ಆಮೇಲೆ ಹೊಳೆಯಿತು. ಆ ಸಾಲಿನ ಬಲಗಡೆ ಯಾರ ಹೆಸರು ಟೈಪ್ ಮಾಡಬೇಕು ಎಂದು ಕೇಳಲೂ ಇಲ್ಲ. ಲಕ್ಷ್ಮಮ್ಮ ಪಕ್ಕದಲ್ಲೇ ನಿಂತಿದ್ದರು, ಹಾಗಾಗಿ ಆ ಕಾಲಂ ಸದ್ಯಕ್ಕೆ ಖಾಲಿಯೇ ಇರಲಿ.