ನಾಲ್ಕನೇ ತುಂಡಿನ ತಲೆ ಯಾವ ಕಡೆ

ಡೆಕ್ಕಿನ ಅಣ್ಣನಿಗೆ,

ಹೀಗೆ ಕರೆದು ಹದಿನಾರು ವರ್ಷವಾಯಿತು. ಇದೇ ಪತ್ರವನ್ನು ಮೂರು ಸಲ ಬರೆದು ಹರಿದಿದ್ದೇನೆ. ಮೊದಲನೆಯದರಲ್ಲಿ ಕ್ಷಮೆ ಜಾಸ್ತಿಯಾಯಿತು, ಎರಡನೆಯದರಲ್ಲಿ ವಿಜ್ಞಾನ ಜಾಸ್ತಿಯಾಯಿತು. ಮೂರನೆಯದನ್ನು ಓದಿದರೆ ನನಗೇ ನನ್ನ ಮೇಲೆ ನಂಬಿಕೆ ಬರಲಿಲ್ಲ. ಇದು ಹೇಗೆ ಬರುತ್ತದೋ ಹಾಗೆ ಕಳಿಸಿಬಿಡುತ್ತೇನೆ.

ನಿಮ್ಮ ಕಣ್ಣಿನ ಆಪರೇಷನ್ ಮೊನ್ನೆ ಆಯಿತೆಂದು ಗೊತ್ತಾಯಿತು, ಹಾಗಾಗಿ ಇದನ್ನು ಅತ್ತಿಗೆಯೇ ಓದಿ ಹೇಳಬೇಕು. ಕೆಲವು ತಿಂಗಳ ಹಿಂದೆ ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ನೀವು ಔಷಧಿ ಬಿಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದಿರಿ. ನಾನು ನರ್ಸಿನ ಹತ್ತಿರ ಏನೋ ಕೇಳುತ್ತಿದ್ದೆ. ಬರೀ ದನಿಯಿಂದಲೇ ಗುರುತು ಹಿಡಿದು ನೀವು ಕೇಳಿದ್ದು ಒಂದೇ ಮಾತು. "ನಾಲ್ಕನೇದನ್ನ ತಿರುಗಿಸಿ ನೋಡಿದ್ರಾ ಡಾಕ್ಟರಮ್ಮ?" ಅತ್ತಿಗೆ ಗಾಬರಿಯಾಗಿ, "ಅಯ್ಯೋ, ನಾಲ್ಕು ಮಕ್ಕಳಾ ನಿಮಗೆ?" ಎಂದರು. ನಾನು ನಕ್ಕೆ. "ನೋಡ್ತೀನಿ" ಎಂದು ಹೇಳಿ, ನನ್ನ ನಂಬರು ಕೂಗದಿದ್ದರೂ ಕೂಗಿದ ಹಾಗೆ ನಟಿಸಿ ಹೊರಟುಬಿಟ್ಟೆ.

ಅತ್ತಿಗೆ, ಆ ನಾಲ್ಕನೇದು ಮಗುವಲ್ಲ, ಕೆಸರು. ಸಮುದ್ರದ ತಳಕ್ಕೆ ಉದ್ದನೆಯ ಪೈಪನ್ನು ಇಳಿಸಿ, ಅಲ್ಲಿ ಸಾವಿರಾರು ವರ್ಷಗಳಿಂದ ಪದರ ಪದರವಾಗಿ ಕೂತ ಕೆಸರನ್ನು ಹಾಗೇ ಮೇಲೆತ್ತುತ್ತೇವೆ. ಕೆಳಗಿದ್ದದ್ದು ಹಳೆಯದು, ಮೇಲಿದ್ದದ್ದು ಹೊಸದು. ತಳದಲ್ಲಿ ನೀರು ಜೋರಾಗಿ ಹರಿದ ಕಾಲದಲ್ಲಿ ನುಣ್ಣನೆಯ ಮಣ್ಣು ನಿಲ್ಲದೆ ಕೊಚ್ಚಿಹೋಗಿ ಸ್ವಲ್ಪ ದಪ್ಪ ಕಾಳು ಉಳಿಯುತ್ತದೆ. ನೀರು ನಿಧಾನವಾದ ಕಾಲದಲ್ಲಿ ನುಣ್ಣನೆಯದೂ ಕೂತುಕೊಳ್ಳುತ್ತದೆ. ಕಾಳಿನ ಗಾತ್ರ ಅಳೆದು, ಯಾರೂ ನೋಡದ ಆ ತಳದ ಪ್ರವಾಹ ಯಾವಾಗ ಓಡಿತು, ಯಾವಾಗ ಸುಸ್ತಾಯಿತು ಎಂದು ಹೇಳುವುದು ನನ್ನ ಕಸುಬು. ಮೇಲೆತ್ತಿದ ಪೈಪನ್ನು ಡೆಕ್ಕಿನ ಮೇಲೆ ಒಂದೂವರೆ ಮೀಟರಿನ ತುಂಡುಗಳಾಗಿ ಕತ್ತರಿಸುತ್ತೇವೆ. ಪ್ರತಿ ತುಂಡಿನ ಮೇಲ್ತುದಿಗೆ ಕೆಂಪು ಮುಚ್ಚಳ, ಕೆಳತುದಿಗೆ ಬಿಳಿ. ನಿಮ್ಮ ಯಜಮಾನರು ಅದನ್ನು ಜಪದಂತೆ ಹೇಳುತ್ತಾ ಹಾಕುತ್ತಿದ್ದರು. "ತಲೆಗೆ ಕೆಂಪು, ಕಾಲಿಗೆ ಬಿಳಿ."

ಅಣ್ಣ, ಆ ಮಧ್ಯಾಹ್ನ ಹಡಗು ಹೇಗೆ ಹೊಯ್ದಾಡುತ್ತಿತ್ತು ನೆನಪಿದೆಯೇ? ಇಪ್ಪತ್ತು ವರ್ಷ ಸಮುದ್ರ ಸುತ್ತಿದವರು ನೀವು, ಅವತ್ತು ನೀವೂ ವಾಂತಿಗೆ ಬಕೆಟ್ ಹಿಡಿದಿರಿ. "ಸ್ವಲ್ಪ ನೋಡ್ಕೊಳ್ಳಿ ಡಾಕ್ಟರಮ್ಮ, ಐದು ನಿಮಿಷ ಮಲಗಿ ಬರ್ತೀನಿ" ಎಂದು ಮುಚ್ಚಳದ ಚೀಲವನ್ನು ನನ್ನ ಕೈಗೆ ಕೊಟ್ಟು ಕೆಳಗೆ ಹೋದಿರಿ. ಅಲ್ಲಿಯವರೆಗೆ ಎಲ್ಲಾ ಸ್ಪಷ್ಟವಾಗಿದೆ. ಚೀಲದ ಒದ್ದೆ, ನನ್ನ ಕೈಗವಸಿನ ತೂತು, ಎಲ್ಲವೂ. ಆದರೆ ಆಗ ನಾವು ಎಷ್ಟನೇ ತುಂಡಿನಲ್ಲಿದ್ದೆವು? ಮೂರನೆಯದೋ? ನಾಲ್ಕು ಮುಗಿದಿತ್ತೋ? ಹದಿನಾರು ವರ್ಷ ಇದನ್ನು ಕೇಳಿಕೊಳ್ಳದೆ ಇದ್ದವಳು ಈಗ ದಿನಕ್ಕೆ ಹದಿನಾರು ಸಲ ಕೇಳಿಕೊಳ್ಳುತ್ತಿದ್ದೇನೆ. ಪೈಪಿನ ಮೇಲಿನ ಅಂಕಿ ನಿಮ್ಮ ಅಕ್ಷರ. ಪಕ್ಕದ ಬಾಣದ ಗುರುತು ನನ್ನದರಂತಿದೆ. ಒಮ್ಮೊಮ್ಮೆ ಅದೂ ನಿಮ್ಮದರಂತೆ ಕಾಣುತ್ತದೆ.

ಊರಿಗೆ ಬಂದು ತುಂಡುಗಳನ್ನು ಉದ್ದಕ್ಕೆ ಸೀಳಿದ ದಿನ ನೀವು ನಾಲ್ಕನೆಯದರ ಮುಂದೆ ಬಹಳ ಹೊತ್ತು ನಿಂತಿದ್ದಿರಿ. ಬೆರಳಿನಿಂದ ಮುಟ್ಟಿದಿರಿ, ಮೂಸಿದಿರಿ. "ಇದು ನನಗ್ಯಾಕೋ ತಲೆಕೆಳಗಾಗಿ ಮಲಗಿದೆ ಅನ್ಸುತ್ತೆ" ಎಂದಿರಿ. ನನಗದು ತಮಾಷೆಯಾಗಿ ಕಂಡಿತು. ಊಟದ ಹೊತ್ತಿನಲ್ಲಿ ನಮ್ಮ ಮುಖ್ಯಸ್ಥರ ಎದುರು ಅದನ್ನೇ ನಿಮ್ಮ ದನಿಯಲ್ಲಿ ಅಣಕಿಸಿ ಹೇಳಿದೆ. ಅವರು ನಗಲಿಲ್ಲ. ನಿಮ್ಮನ್ನು ಕರೆಸಿ, "ಮುಚ್ಚಳ ಹಾಕೋದು ನಿಮ್ಮ ಕೆಲಸ ಅಲ್ವೇನ್ರೀ? ತಲೆಕೆಳಗಾಗಿದ್ರೆ ಮಾಡಿದ್ದು ಯಾರು?" ಎಂದು ಕೇಳಿದರು. ನಾನು ಅಲ್ಲೇ ಇದ್ದೆ, ತಟ್ಟೆಯಲ್ಲಿ ಕೈಯಾಡಿಸುತ್ತಾ. ನೀವು ನನ್ನ ಕಡೆ ತಿರುಗಿಯೂ ನೋಡದೆ, "ನನ್ನ ಕೈಯೇ ತಪ್ಪಿರ್ಬೇಕು ಸಾರ್" ಎಂದಿರಿ.

ನಿಮ್ಮನ್ನು ಹಡಗಿನಿಂದ ಎತ್ತಿ ಟಪಾಲು ವಿಭಾಗಕ್ಕೆ ಹಾಕಿದರು. ವಿಚಿತ್ರ ನೋಡಿ, ನಿಮ್ಮನ್ನು ಶಿಕ್ಷಿಸಿದರೇ ಹೊರತು ನಿಮ್ಮ ಮಾತನ್ನು ನಂಬಲಿಲ್ಲ. ನಾಲ್ಕನೆಯದು ಇದ್ದ ಹಾಗೆಯೇ ಉಳಿಯಿತು. ಕಾರಣ ಅದರಲ್ಲಿ ನನ್ನ ಭಾಗ್ಯವಿತ್ತು. ಅದರ ಪ್ರಕಾರ ಆ ದೊಡ್ಡ ಪ್ರವಾಹ ಏಕಾಏಕಿ ನಿಂತುಹೋಗಿ, ನಂತರ ನಿಧಾನವಾಗಿ ಚೇತರಿಸಿಕೊಂಡಿತ್ತು. ಏಕಾಏಕಿ ಎನ್ನುವ ಪದಕ್ಕೆ ನಮ್ಮಲ್ಲಿ ಬಹಳ ಬೆಲೆ. ಮೂರು, ನಾಲ್ಕರ ಸಂದಿನಲ್ಲಿ ಬಣ್ಣ ಹೊಂದುತ್ತಿರಲಿಲ್ಲ, ಅದು ನನಗೂ ಕಂಡಿತ್ತು. ಕತ್ತರಿಸುವಾಗ ಸ್ವಲ್ಪ ಕೆಸರು ಹೋಗಿದೆ ಎಂದು ಬರೆದು ಕೈ ತೊಳೆದುಕೊಂಡೆ. ಆ ಪ್ರಬಂಧ ಪತ್ರಿಕೆಯಲ್ಲಿ ಅಚ್ಚಾಗಿ, ಪಿಎಚ್.ಡಿ.ಯೂ ಬಂದು, ನೀವು ಮೊದಲೇ ಕರೆಯುತ್ತಿದ್ದ ಡಾಕ್ಟರಮ್ಮ ನಿಜವಾಗಿಯೂ ಡಾಕ್ಟರಮ್ಮ ಆದಳು.

ಆಸ್ಪತ್ರೆಯಿಂದ ಬಂದ ಮರುದಿನವೇ ಕೋಲ್ಡ್ ಸ್ಟೋರೇಜಿಗೆ ಹೋಗಿ ನಾಲ್ಕನೆಯದನ್ನು ಇಳಿಸಿದೆ. ಎರಡು ಕಡೆಯಿಂದ ಸಣ್ಣ ಚಿಪ್ಪುಗಳನ್ನು ಆರಿಸಿ ವಯಸ್ಸು ಕಟ್ಟಲು ಕಳಿಸಿದೆ. ಕೆಳಗಿನ ಚಿಪ್ಪು ಮೇಲಿನದಕ್ಕಿಂತ ಚಿಕ್ಕ ವಯಸ್ಸಿನದು ಎಂದು ಬಂತು. ಅಪ್ಪನಿಗಿಂತ ಮೊದಲು ಮಗ ಹುಟ್ಟಿದ ಹಾಗೆ. ಹುಳುಗಳು ತೋಡಿ ಕಲಸಿರಬಹುದು ಎಂದುಕೊಂಡು ಇನ್ನೂ ನಾಲ್ಕು ಕಡೆ ತೆಗೆಸಿದೆ. ಎಲ್ಲವೂ ಅದನ್ನೇ ಹೇಳಿದವು. ನೀವು ಮೂಸಿ ಹೇಳಿದ್ದು ಸರಿ ಅಣ್ಣ. ಪ್ರವಾಹ ಏಕಾಏಕಿ ನಿಂತಿರಲಿಲ್ಲ. ನಿಧಾನವಾಗಿ, ಶತಮಾನಗಟ್ಟಲೆ ಸೊರಗುತ್ತಾ ಬಂದು, ಒಮ್ಮೆಲೇ ಮರಳಿ ಓಡಿತ್ತು.

ನನ್ನ ಪ್ರಬಂಧ ಹೋಯಿತು ಎಂಬ ದುಃಖ ಇದೆ, ಇಲ್ಲವೆಂದರೆ ಸುಳ್ಳು. ಆದರೆ ತಲೆ ಕೆಟ್ಟಿರುವುದು ಬೇರೆ ಕಾರಣಕ್ಕೆ. ಕೆಸರಿನ ವಿಷಯ ಕೆಸರು ಹೇಳಿತು, ನನ್ನ ವಿಷಯ ಯಾರು ಹೇಳಬೇಕು? ಅವತ್ತು ಊಟದ ಮೇಜಿನಲ್ಲಿ ನನಗೆ ಗೊತ್ತಿದ್ದೂ ಸುಮ್ಮನಿದ್ದೆನೋ, ಗೊತ್ತಿಲ್ಲದೆ ಸುಮ್ಮನಿದ್ದೆನೋ? ಗೊತ್ತಿಲ್ಲದಿದ್ದರೆ ಉಣ್ಣದೆ ತಟ್ಟೆಯಲ್ಲಿ ಯಾಕೆ ಕೈಯಾಡಿಸುತ್ತಿದ್ದೆ? ಹಾಗೆ ಕೈಯಾಡಿಸಿದ್ದಾದರೂ ನಿಜವೋ, ಈಗ ನಾನು ಸೇರಿಸುತ್ತಿದ್ದೇನೋ? ಮುಖ್ಯಸ್ಥರೂ ಈಗಿಲ್ಲ. ಕೇಳುವುದಕ್ಕೆ ಉಳಿದಿರುವವರು ನೀವೊಬ್ಬರೇ.

ಪತ್ರಿಕೆಗೆ ತಿದ್ದುಪಡಿ ಬರೆದಿದ್ದೇನೆ. ನಾಲ್ಕನೇ ತುಂಡು ತಲೆಕೆಳಗಾಗಿದೆ ಎಂದು ಮೊದಲು ಗುರುತಿಸಿದವರು ನೀವು ಎಂದು ನಿಮ್ಮ ಹೆಸರು, ಹುದ್ದೆ ಸಮೇತ ಹಾಕಿದ್ದೇನೆ. ಹಳೆಯ ಪ್ರಬಂಧದಲ್ಲಿ "ಡೆಕ್ಕಿನ ಸಿಬ್ಬಂದಿಗೆ ಕೃತಜ್ಞತೆಗಳು" ಎಂದಷ್ಟೇ ಇತ್ತು. ಈಗ ನನ್ನ ಹೆಸರಿನ ಪಕ್ಕ ನಿಮ್ಮದಿದೆ. ಹಾಗಾಗಿ ನಿಮ್ಮ ಸಹಿ ಬೇಕು, ಕಾಗದ ಲಗತ್ತಿಸಿದ್ದೇನೆ.

ಅದರಲ್ಲಿ ಒಂದು ಸಾಲು ಮಾತ್ರ ಖಾಲಿಯಿದೆ. ಆ ತುಂಡಿಗೆ ಮುಚ್ಚಳ ಹಾಕಿದವರು ಯಾರು ಎಂಬ ಸಾಲು. ಮೊದಲು ನನ್ನ ಹೆಸರು ಬರೆದೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆಯುವುದು ಮತ್ತೊಂದು ಸುಳ್ಳಾಗುತ್ತದೆ ಎನ್ನಿಸಿ ಅಳಿಸಿದೆ. ತಿಳಿದುಬಂದಿಲ್ಲ ಎಂದು ಬರೆದೆ. ಅದು ಹದಿನಾರು ವರ್ಷದ ಹಿಂದಿನ ನನ್ನ ಮೌನವೇ ಅಕ್ಷರವಾದಂತೆ ಕಂಡಿತು, ಅದನ್ನೂ ಅಳಿಸಿದೆ. ನಿಮ್ಮ ಕಣ್ಣು ವಾಸಿಯಾದ ಮೇಲೆ, ನೆನಪಿದ್ದರೆ, ನಿಮ್ಮ ಕೈಯಿಂದಲೇ ಅದನ್ನು ತುಂಬಿ. ನೀವು ಏನೇ ಬರೆದರೂ ಒಂದಕ್ಷರ ಬದಲಿಸದೆ ಕಳಿಸುತ್ತೇನೆ.

ಒಂದೇ ಬೇಡಿಕೆ. ಅವತ್ತು ಮುಖ್ಯಸ್ಥರ ಎದುರು ಹೇಳಿದಿರಲ್ಲ, ಹಾಗೆ ನನ್ನನ್ನು ಉಳಿಸುವುದಕ್ಕಾಗಿ ಮಾತ್ರ ಬರೆಯಬೇಡಿ. ನೀವು ಹಾಗೆ ಬರೆದುಬಿಟ್ಟರೆ ನಾನು ನಂಬಿಬಿಡುತ್ತೇನೆ ಅಣ್ಣ.

ಕಣ್ಣು ಉಜ್ಜಿಕೊಳ್ಳಬೇಡಿ, ಅತ್ತಿಗೆಯ ಮಾತು ಕೇಳಿ. ಬೇಗ ಬೆಳಕು ಚೆನ್ನಾಗಿ ಕಾಣಲಿ ಎಂದು ಹಾರೈಸುವ,

ನಿಮ್ಮ ಡಾಕ್ಟರಮ್ಮ