ನಾಲ್ಕನೇ ಅಧ್ಯಾಯದ ಪುರಾವೆ

ನಂಜನಗೂಡು
ಶುಕ್ರವಾರ, 14 ಜೂನ್ 2024

ಮುನಿಸಿಕೊಂಡಿರುವ ಮಾನಸಳಿಗೆ, ಅವಳ ಹಂಸಾಳಿಂದ ಪ್ರೀತಿ.

ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ, ಮೇಲ್ ತೆರೆಯುವುದಿಲ್ಲ. ಅದಕ್ಕೇ ಈ ಕಾಗದ. ನಮ್ಮ ಕಾಲೇಜಿನ ಅಮೃತೇಶ್ ಸಂಜೆ ನಿಮ್ಮೂರು ನರಸೀಪುರದ ಬಸ್ಸು ಹತ್ತುವಾಗ ಅವರ ಕೈಲಿ ಕೊಡುತ್ತೇನೆ. ಬೆಳಗಿನಿಂದ ಮೂರು ಹಾಳೆ ಹರಿದೆ, ಎರಡು ಸಲ ಹೊಳೆ ತನಕ ಹೋಗಿ ಬಂದೆ. ಕೂತಲ್ಲಿ ಕೂರಲಾಗುತ್ತಿಲ್ಲ. ಬೈಯುವುದಿದ್ದರೆ ಪೂರ್ತಿ ಓದಿ ಬೈಯಿ.

ಮಂಗಳವಾರ ನೀನು ಥೀಸಿಸ್ ಸಲ್ಲಿಸುತ್ತೀಯಂತೆ. ಸಲ್ಲಿಸಬೇಡ ಕಣೇ. ನಾಲ್ಕನೇ ಅಧ್ಯಾಯ ನಿಂತಿರುವುದೇ ನಾನು ಬರೆದುಕೊಟ್ಟ ಗಣಿತದ ಪುರಾವೆಯ ಮೇಲೆ. ಆ ಪುರಾವೆ ತಪ್ಪು. ಕಳೆದ ವಾರ ನನ್ನ ಕಣ್ಣಿಗೆ ಬಿತ್ತು.

ನಿಮ್ಮವ್ವ ಮುದ್ದಮ್ಮ ಒಮ್ಮೆ ಅವರೆಕಾಯಿ ಸುಲಿಯುತ್ತಾ ಕೇಳಿದ್ದರಲ್ಲ, ಮುಗೀದೇ ಇರೋ ಲೆಕ್ಕನ ಸರಿ ಅಂತ ಎಂಗ್ ಏಳ್ತೀರವ್ವಾ ಎಂದು. ನಾವಿಬ್ಬರೂ ಪೈಪೋಟಿ ಮೇಲೆ ವಿವರಿಸಿದ್ದೆವು. ಎರಡು ಕಂಪ್ಯೂಟರ್ ಪ್ರೋಗ್ರಾಂಗಳು ಕೊನೆಯಿಲ್ಲದ ಅಂಕಿಗಳ ಪಟ್ಟಿ ಹೊರಡಿಸುತ್ತಲೇ ಇರುತ್ತವೆ. ಎರಡೂ ಪಟ್ಟಿ ಒಂದೇ ಎನ್ನಲು ಕೊನೆ ತನಕ ಕಾಯಬೇಕಿಲ್ಲ. ಮೊದಲ ಅಂಕಿ ಎರಡರಲ್ಲೂ ಒಂದೇ ಎಂದು ತೋರಿಸಬೇಕು. ಆಮೇಲೆ ಆ ಅಂಕಿ ತೆಗೆದು ಉಳಿದ ಪಟ್ಟಿಗಳೂ ಅದೇ ಬಗೆಯವಾದರೆ, ಎರಡೂ ಒಂದೇ ಎಂಬ ಸಾಧಿಸಬೇಕಾದ ಮಾತನ್ನೇ ಅವಕ್ಕೆ ಬಳಸಬಹುದು. ಅಂಗಾರೆ ಮೊದ್ಲು ಒಂದ್ನಾದ್ರೂ ತೋರ್ಸ್ಬೇಕು ಅನ್ನಿ ಎಂದು ಮುದ್ದಮ್ಮ ಕಾಯಿ ಸುಲಿಯತೊಡಗಿದರು. ಅವರಿಗೆ ಅರ್ಥವಾಗಿತ್ತು.

ನಾನು ಆ ಒಂದನ್ನೂ ತೋರಿಸಿಲ್ಲ. ಹನ್ನೊಂದನೇ ಸಾಲಿನಲ್ಲಿ, ಮೊದಲ ಅಂಕಿಗೂ ಮುಂಚೆಯೇ, ಸಾಧಿಸಬೇಕಾದ ಮಾತನ್ನು ಬಳಸಿಬಿಟ್ಟಿದ್ದೇನೆ. ಅದೇ ದಾರಿ ಹಿಡಿದರೆ ಬರೀ ಸೊನ್ನೆಗಳ ಪಟ್ಟಿಯೂ ಬರೀ ಒಂದುಗಳ ಪಟ್ಟಿಯೂ ಒಂದೇ ಎಂದು ಬರುತ್ತದೆ. ಮಾಡಿ ನೋಡಿದೆ, ಬಂತು.

ಮಾರ್ಚ್‌ನಲ್ಲಿ ನೀನು ಅದೇ ಸಾಲಿನ ಮೇಲೆ ಬೆರಳಿಟ್ಟು ಕೇಳಿದ್ದೆ. ಡಿಪಾರ್ಟ್‌ಮೆಂಟಿನ ಎಲ್ಲರೆದುರು ನಾನು, ನಿನಗೆ ವಿಷಯದ ಬುಡವೇ ಗೊತ್ತಿಲ್ಲ ಎಂದುಬಿಟ್ಟೆ. ನೀನು ಮಾತು ಬಿಟ್ಟೆ, ಆದರೆ ನನ್ನ ಪುರಾವೆಯನ್ನು ಬಿಡಲಿಲ್ಲ. ನಾನೇ ಸರಿಯಿರಬೇಕು ಅಂದುಕೊಂಡೆಯಲ್ಲ, ಅದು ನನ್ನನ್ನು ಕೊರೆಯುತ್ತಿದೆ.

ಎಷ್ಟು ಒದ್ದಾಡಿದರೂ ಸರಿಪಡಿಸಲು ಬರುತ್ತಿಲ್ಲ. ಇಬ್ಬರೂ ಕೂತರೆ ಬಂದೀತು. ಆರು ತಿಂಗಳು ಹೋಗುತ್ತದೆ, ಗೊತ್ತು. ಗೈಡ್ ಹತ್ತಿರ ನಾನೇ ಹೋಗಿ ತಪ್ಪು ನನ್ನದೆಂದು ಹೇಳುತ್ತೇನೆ.

ನಿನ್ನ
ಹಂಸಾ

ತಾ.ಕ.: ಕಳೆದ ವಾರ ಕಣ್ಣಿಗೆ ಬಿತ್ತು ಎಂದು ಬರೆದದ್ದು ಸುಳ್ಳು. ಈ ಹಾಳೆಯನ್ನೂ ಹರಿದರೆ ಇನ್ನು ಬರೆಯಲಾರೆ, ಅದಕ್ಕೆ ಇಲ್ಲೇ ಹೇಳುತ್ತೇನೆ. ಮಾರ್ಚ್‌ನಲ್ಲಿ ನೀನು ಬೆರಳಿಟ್ಟಾಗಲೇ ನನಗೆ ಕಂಡಿತ್ತು. ಅದಕ್ಕೇ ಅಷ್ಟು ಜೋರಾಗಿ ಅಂದದ್ದು.