ಭದ್ರಾವತಿಯಲ್ಲಿ ಉಳಿದ ಇನ್ನೊಂದು ಕಾಪಿ

ಪ್ರೀತಿಯ ಸೆಲ್ವಿ ಅಕ್ಕಾ,

ವಿನೋಬನಗರದ ನಿಮ್ಮ ಕಂಪ್ಯೂಟರ್ ಸೆಂಟರಿಗೆ ನಾನು ಮೊದಲು ಬಂದ ದಿನ ನಿಮಗೆ ನೆನಪಿತ್ತೋ ಇಲ್ಲವೋ, ನಾನು ಕೇಳಲೇ ಇಲ್ಲ. ಬಿ.ಕಾಂ. ಮುಗಿಸಿ, ಟೈಪಿಂಗ್ ಕಲಿತರೆ ಎಲ್ಲಾದರೂ ಕೆಲಸ ಸಿಗಬಹುದು ಎಂದು ಬಂದವಳು ನಾನು. ಎರಡನೇ ದಿನವೇ ನೀವು ಒಂದು ಹಳೆಯ ಕಂಪ್ಯೂಟರಿನ ಮುಚ್ಚಳ ಬಿಚ್ಚಿ ನನ್ನ ಮುಂದೆ ಇಟ್ಟಿರಿ. "ಒಳಗೆ ಏನಿದೆ ಅಂತ ಗೊತ್ತಿಲ್ದೆ ಮೇಲೆ ಕುಟ್ತಾ ಕೂತ್ರೆ ಏನ್ ಬಂತು ಮಾ?" ಎಂದಿರಿ. ನಿಮ್ಮ ಕನ್ನಡದಲ್ಲಿ ಆ ತಮಿಳಿನ 'ಮಾ' ಕೊನೆಯವರೆಗೂ ಉಳಿಯಿತು. ಈಗ ನನ್ನ ಬಾಯಲ್ಲೂ ಬರುತ್ತದೆ. ಮನೆಯಲ್ಲಿ ನಗುತ್ತಾರೆ.

ಮೊದಲು ಕೆಲಸ ಮಾಡಿದ ಭದ್ರಾವತಿ ಕಾರ್ಖಾನೆಯ ಕಂಪ್ಯೂಟರ್ ವಿಭಾಗದ ಕಥೆಗಳನ್ನು ನೀವು ಊಟದ ಹೊತ್ತಿಗೆ ಹೇಳುತ್ತಿದ್ದಿರಿ. ದಿನದಿನದ ಲೆಕ್ಕವನ್ನೆಲ್ಲ ಟೇಪಿಗೆ ಇಳಿಸಿ, ಬೀರುವಿನಲ್ಲಿಟ್ಟು, ಬೀಗ ಹಾಕುತ್ತಿದ್ದರಂತೆ. ಒಂದು ಸಲ ಮೆಷಿನ್ ಕೆಟ್ಟು, ಟೇಪುಗಳನ್ನು ಹೊರತೆಗೆದು ನೋಡಿದರೆ ಒಂದೂ ಓದಲು ಬರಲಿಲ್ಲ. ಅಷ್ಟು ಜೋಪಾನವಾಗಿ ಇಟ್ಟಿದ್ದನ್ನು ಯಾರೂ ಒಮ್ಮೆಯೂ ತೆಗೆದು ನೋಡಿರಲಿಲ್ಲ. ಈ ಕಥೆ ಹೇಳುವಾಗ ನೀವು ನಗುತ್ತಿರಲಿಲ್ಲ. ಕಾರ್ಖಾನೆ ಜನರನ್ನು ಕಡಿಮೆ ಮಾಡತೊಡಗಿದಾಗ ಸ್ವಯಂ ನಿವೃತ್ತಿ ತೆಗೆದುಕೊಂಡು ಶಿವಮೊಗ್ಗಕ್ಕೆ ಬಂದು ಸೆಂಟರ್ ತೆರೆದಿರಿ. ದಿನಾ ಭದ್ರಾವತಿಯಿಂದ ಬಸ್ಸಿನಲ್ಲಿ ಓಡಾಟ. ನಿಮ್ಮ ಯಜಮಾನರು ಮುರುಗೇಶಣ್ಣ ಇನ್ನೂ ಕಾರ್ಖಾನೆಯಲ್ಲೇ ಲೇತ್ ಯಂತ್ರದ ಮುಂದೆ ನಿಂತಿದ್ದರು, ಹಾಗಾಗಿ ಕ್ವಾರ್ಟರ್ಸ್ ಬಿಡಲಿಲ್ಲ ಎಂದಿದ್ದಿರಿ.

ಸವಳಂಗ ರಸ್ತೆಯ ರಕ್ತನಿಧಿಯ ಕೆಲಸ ಸಿಕ್ಕಾಗ ನನ್ನನ್ನೇ ಕರೆದುಕೊಂಡು ಹೋದಿರಿ. ರಕ್ತ ಕೊಟ್ಟವರು, ಪಡೆದವರು, ಯಾರಿಗೆ ಯಾರ ರಕ್ತ ಹೊಂದಿತು, ಎಲ್ಲವೂ ಅಲ್ಲಿನ ಒಂದೇ ಕಂಪ್ಯೂಟರಿನಲ್ಲಿತ್ತು. ಕರೆಂಟ್ ಹೋದರೆ ಅದು ಮಲಗುತ್ತಿತ್ತು, ಮಳೆಗಾಲದ ತೇವಕ್ಕೆ ಬೋರ್ಡು ಹಾಳಾಗುತ್ತಿತ್ತು. ರಕ್ತನಿಧಿ ನೋಡಿಕೊಳ್ಳುತ್ತಿದ್ದ ವಸುಂಧರಾ ಡಾಕ್ಟರು ಬೇಸತ್ತು ಬೇರೆ ದಾರಿ ಕೇಳಿದರು. ಆಗಷ್ಟೇ 'ಕ್ಲೌಡ್' ಅನ್ನುವ ಮಾತು ಕಿವಿಗೆ ಬೀಳತೊಡಗಿತ್ತು. ನೀವು ಆ ಇಡೀ ಕಂಪ್ಯೂಟರನ್ನು, ಅದರ ಪ್ರೋಗ್ರಾಮು, ಮಾಹಿತಿ ಸಮೇತ, ಒಂದು ದೊಡ್ಡ ಫೈಲಾಗಿ ಕಟ್ಟಿ, ದೂರದ ಊರಿನ ಒಂದು ಕಂಪನಿಯ ಬಾಡಿಗೆ ಮೆಷಿನ್ ಮೇಲೆ ಇರಿಸಿದಿರಿ. ಅಲ್ಲಿ ಅದು ವರ್ಚುವಲ್ ಮೆಷಿನ್, ಅಂದರೆ ಕಂಪ್ಯೂಟರಿನೊಳಗಿನ ಕಂಪ್ಯೂಟರ್ ಆಗಿ ಓಡಿತು. ಇಲ್ಲಿ ನಾವು ಇಂಟರ್ನೆಟ್ಟಿನಲ್ಲಿ ಅದನ್ನು ತೆರೆಯುತ್ತಿದ್ದೆವು. ಮೊದಲ ದಿನ ಕರೆಂಟ್ ಹೋಗಿ ಬಂದ ಮೇಲೂ ಎಲ್ಲ ಇದ್ದ ಹಾಗೇ ಇದ್ದದ್ದು ಕಂಡು ಡಾಕ್ಟರು ನಮಗೆಲ್ಲ ಮಸಾಲೆ ದೋಸೆ ತರಿಸಿದ್ದರು, ಅಲ್ಲವಾ?

ದೋಸೆ ಮುಗಿಯುವ ಮೊದಲೇ ನೀವು ಬ್ಯಾಕಪ್ಪಿನ ಮಾತು ತೆಗೆದಿರಿ. ಆ ಕಂಪನಿಯವರೇ ದಿನಾ ಒಂದು ಕಾಪಿ ತೆಗೆದು ಅಲ್ಲೇ ಇಡುತ್ತಾರಲ್ಲ ಎಂದು ಡಾಕ್ಟರು ಕೇಳಿದರು. ನನಗೂ ಅದೇ ಸರಿ ಅನಿಸಿತ್ತು. ನೀವು ಸಮಾಧಾನವಾಗಿ ಹೇಳಿದಿರಿ, "ಅವ್ರು ಇಟ್ಕೊಳ್ಲಿ ಮೇಡಂ, ಬೇಡ ಅನ್ನಲ್ಲ. ಆದ್ರೆ ಮೆಷಿನ್ನೂ ಅವ್ರ ಮನೇಲಿ, ಕಾಪಿನೂ ಅವ್ರ ಮನೇಲಿ. ಆ ಮನೆಗೇ ಏನಾದ್ರೂ ಆದ್ರೆ?" ಡಾಕ್ಟರು ಸ್ವಲ್ಪ ಯೋಚಿಸಿ ಎರಡು ಹಾರ್ಡ್ ಡಿಸ್ಕ್ ತರಿಸಲು ಒಪ್ಪಿದರು. ವಾರಕ್ಕೊಮ್ಮೆ ಇಡೀ ಮೆಷಿನ್ ಒಂದು ಡಿಸ್ಕಿಗೆ ಇಳಿಯಬೇಕು. ಅದು ಇಳಿಯುವಾಗ ಇನ್ನೊಂದು ಡಿಸ್ಕ್ ಭದ್ರಾವತಿಯ ನಿಮ್ಮ ಮನೆಯಲ್ಲಿರಬೇಕು. ಪಾಸ್‌ವರ್ಡ್ ಇಲ್ಲದೆ ಯಾರಿಗೂ ತೆರೆಯಲು ಬಾರದ ಹಾಗೆ ಮಾಡಿದಿರಿ. ಪ್ರತಿ ಸೋಮವಾರ ಡಿಸ್ಕುಗಳ ಅದಲುಬದಲು. ನಮ್ಮ ಬ್ರಾಡ್‌ಬ್ಯಾಂಡಿನಲ್ಲಿ ಅದು ಇಳಿಯಲು ದಿನಗಟ್ಟಲೆ ಬೇಕಾಗುತ್ತಿತ್ತು. ನಾನು ಗೊಣಗುತ್ತಿದ್ದೆ.

ಆಮೇಲೆ ನೀವು ಕಾಯಿಲೆ ಬಿದ್ದಿರಿ. ಆಸ್ಪತ್ರೆಯಿಂದ ಮೊದಲ ಸಲ ಮನೆಗೆ ಬಂದಾಗ ನಿಮಗೆ ಮೆಟ್ಟಿಲು ಹತ್ತಲೂ ಆಗುತ್ತಿರಲಿಲ್ಲ. ಆದರೂ ಆಟೋದಲ್ಲಿ ಸೆಂಟರಿಗೆ ಬಂದು, ನನ್ನನ್ನು ಕೂರಿಸಿಕೊಂಡು, ಡಿಸ್ಕಿನಲ್ಲಿದ್ದ ಮೆಷಿನ್ನನ್ನು ನಮ್ಮ ಹಳೇ ಕಂಪ್ಯೂಟರಿನಲ್ಲಿ ಎಬ್ಬಿಸುವುದನ್ನು ಕಲಿಸಿದಿರಿ. ನಿಮಗೆ ಸುಸ್ತಾಗ್ತಿದೆ ಅಕ್ಕಾ, ನಾಳೆ ಮಾಡೋಣ ಎಂದೆ. "ಎಬ್ಬಿಸಿ ನೋಡದ ಕಾಪಿ ಇದ್ರೂ ಒಂದೇ, ಇಲ್ದಿದ್ರೂ ಒಂದೇ ಮಾ," ಎಂದು ಮತ್ತೆ ಮೊದಲಿನಿಂದ ಮಾಡಿಸಿದಿರಿ. ನಾಳೆಗಳು ಎಷ್ಟಿವೆ ಎಂದು ನಿಮಗೆ ಗೊತ್ತಿತ್ತಾ ಅಕ್ಕಾ? ಗೊತ್ತಿದ್ದೇ ಹಾಗೆ...

ನಿಮ್ಮ ತಿಥಿ ಕಳೆದ ಮೇಲಿನ ಸೋಮವಾರ ನಾನು ಯಾವ ಡಿಸ್ಕನ್ನೂ ನಿರೀಕ್ಷಿಸಿರಲಿಲ್ಲ. ನೀವು ಹೋಗಿ ಇನ್ನೂ ಮೂರು ವಾರ ಆಗಿರಲಿಲ್ಲ. ಬೆಳಿಗ್ಗೆ ಸೆಂಟರಿನ ಬಾಗಿಲಲ್ಲಿ ಮುರುಗೇಶಣ್ಣ ನಿಂತಿದ್ದರು, ಕೈಯಲ್ಲಿ ನಿಮ್ಮ ನೀಲಿ ಬ್ಯಾಗು. ಅವರೇ ಹೇಳಿದರು, "ಸೋಮವಾರ ಅಂದ್ರೆ ಅವ್ಳು ಈ ಬ್ಯಾಗು ಬಾಗ್ಲತ್ರ ಇಡೋಳು. ಅಲ್ಲೇ ಇತ್ತು. ನೋಡ್ತಾ ಎಷ್ಟೊತ್ತು ಕೂತಿರ್ಲಿ? ತಗೊಂಡ್ ಬಂದೆ ಮಾ." ಇನ್ನೊಂದು ಡಿಸ್ಕ್ ಕೊಟ್ಟೆ. ಟವೆಲಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು ಹೊರಟರು. ಅವತ್ತಿನಿಂದ, ಪಾಳಿ ಬದಲಿಸಿಕೊಂಡಾದರೂ, ಒಂದು ಸೋಮವಾರವನ್ನೂ ತಪ್ಪಿಸಲಿಲ್ಲ. ಅದರಲ್ಲಿ ಏನಿದೆ ಎಂದು ಅವರು ಕೇಳಲೂ ಇಲ್ಲ, ಬರಬೇಡಿ ಎನ್ನಲು ನನಗೆ ಬಾಯಿಯೂ ಬರಲಿಲ್ಲ.

ಆಯನೂರಿನ ಚೈತ್ರಾಳನ್ನು ನೀವು ನೋಡಿದ್ದೀರಿ. ಎರಡು ಜಡೆಯ ಸಣ್ಣ ಹುಡುಗಿ, ತಲಸ್ಸೇಮಿಯಾ ಇರುವವಳು, ಮೂರ್ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕೇ ಬೇಕು. ಹುಟ್ಟಿದಾಗಿನಿಂದ ಬೇರೆಯವರ ರಕ್ತ ಪಡೆದೂ ಪಡೆದೂ ಈಗ ಅವಳಿಗೆ ಗುಂಪು ಒಂದೇ ಆದರೂ ಎಲ್ಲರದ್ದೂ ಹೊಂದುವುದಿಲ್ಲ. ಹೊಂದುವ ಕೆಲವೇ ಜನರ ಹೆಸರು, ಫೋನ್ ನಂಬರು ನಮ್ಮ ಮೆಷಿನ್ನಿನಲ್ಲಿತ್ತು. ಕಳೆದ ತಿಂಗಳು ಒಂದು ಬುಧವಾರ ಅವಳ ತಾಯಿ ಸಾವಿತ್ರಮ್ಮ ಮಗಳನ್ನು ಎತ್ತಿಕೊಂಡೇ ರಕ್ತನಿಧಿಗೆ ಬಂದರು. ಜ್ವರ ಬಂದು ಹುಡುಗಿ ಬಿಳಿಚಿಕೊಂಡಿದ್ದಳು. ನಾನು ಮೆಷಿನ್ ತೆರೆಯಲು ಹೋದೆ. ತೆರೆಯಲಿಲ್ಲ.

ಕಂಪನಿಗೆ ಫೋನ್ ಮಾಡಿದಾಗ ಮೊದಲು ಕಾಯಿಸಿದರು, ಆಮೇಲೆ ಕ್ಷಮೆ ಕೇಳಿದರು. ಹಳೆಯ ಮೆಷಿನ್‌ಗಳನ್ನು ತೆರವು ಮಾಡುವಾಗ ಕೈತಪ್ಪಿ ನಮ್ಮದನ್ನೂ ಅಳಿಸಿಬಿಟ್ಟಿದ್ದರು. ಅದರ ಜೊತೆಗಿದ್ದ ಅವರ ಕಾಪಿಯೂ ಹೋಗಿತ್ತು. ನನ್ನ ಹತ್ತಿರವಿದ್ದ ಡಿಸ್ಕಿನಲ್ಲಿ ಹಳೆಯ ಕಾಪಿ ಅಳಿಸಿ, ಆ ವಾರದ ಕಾಪಿ ಇನ್ನೂ ಅರ್ಧ ಇಳಿದಿತ್ತಷ್ಟೆ. ಅರ್ಧದಿಂದ ಏನೂ ಎದ್ದೇಳುವುದಿಲ್ಲ. ಪೂರ್ತಿ ಇದ್ದದ್ದು ಭೂಮಿಯ ಮೇಲೆ ಒಂದೇ, ನಿಮ್ಮ ಮನೆಯಲ್ಲಿ. ಹೊಸದಾಗಿ ಒಬ್ಬೊಬ್ಬರ ರಕ್ತವನ್ನೂ ಹೊಂದಿಸಿ ನೋಡಬಹುದು, ಆದರೆ ಯಾರಿಂದ ಶುರು ಮಾಡುವುದು ಎಂದರು ಡಾಕ್ಟರು. ಮಗುವಿಗೆ ಅಷ್ಟು ಹೊತ್ತು ಇಲ್ಲ ಎನ್ನುವುದನ್ನು ಅವರು ಸಾವಿತ್ರಮ್ಮನ ಮುಂದೆ ಹೇಳಲಿಲ್ಲ.

ಮುರುಗೇಶಣ್ಣನಿಗೆ ಫೋನ್ ಮಾಡಿದೆ. ಡಿಸ್ಕ್ ಬೇಕು ಎಂದೆ, ಅಷ್ಟೇ. ಯಾಕೆ ಅನ್ನಲಿಲ್ಲ. "ಬಸ್ ಹತ್ದೆ ಅಂತ್ಲೇ ತಿಳ್ಕೋ," ಎಂದರು. ಅವರು ಬರುವಷ್ಟರಲ್ಲಿ ನಾನು ಸೆಂಟರಿನ ಹಳೇ ಕಂಪ್ಯೂಟರನ್ನು ರಕ್ತನಿಧಿಗೆ ತಂದು ಜೋಡಿಸಿಟ್ಟಿದ್ದೆ. ಬ್ಯಾಗನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡು ಒಳಗೆ ಬಂದರು. ನೀವು ಕಲಿಸಿದ ಹಾಗೆಯೇ ಮಾಡಿದೆ. ನಡುವೆ ಒಮ್ಮೆ ಪರದೆ ಕಪ್ಪಾಗಿ ನಿಂತುಬಿಟ್ಟಿತು. ಅದು ಹಾಗೆ ನಿಲ್ಲುತ್ತದೆ, ಮುಟ್ಟದೆ ಕಾಯಬೇಕು ಎಂದು ನೀವು ಅವತ್ತೇ ತೋರಿಸದಿದ್ದರೆ ನಾನು ಹೆದರಿ ಆರಿಸಿಬಿಡುತ್ತಿದ್ದೆ. ಕಾದೆ. ಮೆಷಿನ್ ಎದ್ದಿತು ಅಕ್ಕಾ. ಚೈತ್ರಾ ಎಂದು ಟೈಪ್ ಮಾಡಿದೆ, ಹೆಸರುಗಳು ಬಂದವು. ಹೊಳೆಹೊನ್ನೂರು ರಸ್ತೆಯ ಒಬ್ಬ ಮೇಷ್ಟ್ರು ತರಗತಿ ಬಿಟ್ಟು ಬಂದು ರಕ್ತ ಕೊಟ್ಟರು. ಪರೀಕ್ಷೆಗಳೆಲ್ಲ ಮುಗಿದು ಸಂಜೆಗೆ ಹುಡುಗಿಯ ಕೈಗೆ ರಕ್ತ ಇಳಿಯತೊಡಗಿತು.

ಅಷ್ಟೂ ಹೊತ್ತು ಮುರುಗೇಶಣ್ಣ ಬೆಂಚಿನ ಮೇಲೆ ಕೂತಿದ್ದರು. ಆವಾಗ ಮೊದಲ ಸಲ ಕೇಳಿದರು, "ಅವ್ಳು ಇಷ್ಟು ದಿನ ಹೊತ್ಕೊಂಡು ಓಡಾಡಿದ್ದು ಇದ್ನಾ?" ಹೌದು ಎಂದೆ. ಸಾವಿತ್ರಮ್ಮ ಬಂದು ಅವರಿಗೆ ಕೈಮುಗಿದರು. "ನಂಗಲ್ಲಮ್ಮಾ. ನಮ್ ಮನೆಯವ್ಳ ಕೆಲ್ಸ ಇದು," ಎಂದು ಮುಖ ಆ ಕಡೆ ತಿರುಗಿಸಿಕೊಂಡರು. ನಿಮ್ಮನ್ನು ಮಣ್ಣು ಮಾಡಿದ ದಿನವೂ ಅಳದವರು ಅಲ್ಲಿ ಕೂತು ಅತ್ತರು. ನಾನು ಪಕ್ಕದಲ್ಲಿ ಕೂತೆ.

ಈಗ ನಿಮಗೆ ಗೊತ್ತಿಲ್ಲದ ಸುದ್ದಿ. ಮೆಷಿನ್ ಮತ್ತೆ ಕ್ಲೌಡಿಗೆ ಹೋಗಿದೆ. ಡಾಕ್ಟರು ಅವರ ಕೋಣೆಗೆ ಮೂರನೇ ಡಿಸ್ಕ್ ತರಿಸಿದ್ದಾರೆ. ತಿಂಗಳಿಗೊಮ್ಮೆ ಅದನ್ನು ಎಬ್ಬಿಸಿ ನೋಡುವುದು ಕಡ್ಡಾಯ, ಅವರೇ ಬಂದು ಪಕ್ಕದಲ್ಲಿ ಕೂರುತ್ತಾರೆ. ಮುರುಗೇಶಣ್ಣ ನಿವೃತ್ತರಾದರು. ಮುಂದಿನ ವಾರ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಇದೆ. ಬಸ್ಸಿನಲ್ಲಿ ಒಬ್ಬರೇ ಓಡಾಡಬಾರದು ಎಂದು ಕಣ್ಣಿನ ಡಾಕ್ಟರು ಹೇಳಿದ್ದಾರೆ. ಸೋಮವಾರದ ಗತಿ ಏನು ಎಂದು ಮುರುಗೇಶಣ್ಣನಿಗೆ ಅದೇ ಚಿಂತೆ. ನಾನೇ ಭದ್ರಾವತಿಗೆ ಬರ್ತೀನಿ, ಮಧ್ಯಾಹ್ನದ ಊಟ ನಿಮ್ಮಲ್ಲೇ ಎಂದು ಹೇಳಿದ್ದೇನೆ. ಹಾಗಾದರೆ ಅನ್ನ ಇಡ್ತೀನಿ ಎಂದಿದ್ದಾರೆ. ಸಾರು ನಾನು ಒಯ್ಯುತ್ತೇನೆ, ಅಕ್ಕಾ. ಅವರನ್ನು ಒಬ್ಬರೇ ಉಣ್ಣಲು ಬಿಡುವುದಿಲ್ಲ.

ನಿಮ್ಮ
ಲತಾ